ಹೂಮಳೆಗೆ ಮುಂಚಿನ ಭಾನುವಾರಗಳು

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಕೊಡಗಿನಲ್ಲಿ ಕರೆಂಟು ಬೇಕಾದವರು ಬಹಳ ಕಡಿಮೆ. ಕಾಫಿ ಕ್ಯೂರಿಂಗ್ ವರ್ಕ್ಸ್ ಮುಚ್ಚಿರುತ್ತದೆ, ಮರದ ಮಿಲ್ಲು ನಿಂತಿರುತ್ತದೆ, ಕಚೇರಿಗಳಿಗೆ ಬೀಗ, ದೀಪ ಹಾಕಲು ಇನ್ನೂ ಹೊತ್ತಿರುತ್ತದೆ. ನನ್ನ ಕೆಲಸಕ್ಕೆ ಬೇಕಾಗಿದ್ದದ್ದು ಆ ಹೊತ್ತೇ. ಆದ್ದರಿಂದ ಜನವರಿಯಿಂದ ಮಾರ್ಚ್ ಕೊನೆಯವರೆಗೆ ಪ್ರತಿ ಭಾನುವಾರ ಊಟ ಮುಗಿಸಿ, ಅಪ್ಪನ ಜೊತೆ ಮಡಿಕೇರಿಯಲ್ಲಿ ಸಿದ್ದಾಪುರದ ಬಸ್ಸು ಹತ್ತಿ, ಅರ್ಧ ದಾರಿಯಲ್ಲಿ ಇಳಿದು, ತೋಟದ ಪಕ್ಕದ ವಿದ್ಯುತ್ ಸ್ಟೇಷನ್ನಿಗೆ ಹೋಗುತ್ತಿದ್ದೆ.

ಅಪ್ಪ ಬರುತ್ತಿದ್ದದ್ದು ಸ್ಟೇಷನ್ನಿನಲ್ಲಿ ಹೆಂಗಸರು ಯಾರೂ ಇರಲಿಲ್ಲವೆಂಬ ಕಾರಣಕ್ಕೆ. ಶಾಲೆಯ ಮೇಷ್ಟರಾಗಿ ನಿವೃತ್ತರಾದವರು. ಮಗಳ ಡಾಕ್ಟರೇಟಿನ ಬಗ್ಗೆ ಹೆಮ್ಮೆ ಇತ್ತು, ಆದರೆ ಅದು ಯಾವುದರ ಬಗ್ಗೆ ಎಂದು ಯಾರಾದರೂ ಕೇಳಿದರೆ ಮಾತು ಬದಲಾಯಿಸುತ್ತಿದ್ದರು. ಮೊದಲ ವಾರ ಬಸ್ಸಿನಲ್ಲಿ ಅವರಿಗೆ ವಿವರಿಸಲು ಪ್ರಯತ್ನಿಸಿದೆ. ನೂರು ಮೈಲಿಗಿಂತ ಉದ್ದದ ಹೈಟೆನ್ಷನ್ ಲೈನಿನ ಕೊನೆಯಲ್ಲಿ ಯಾರೂ ಕರೆಂಟು ತೆಗೆದುಕೊಳ್ಳದಿದ್ದರೆ, ವೋಲ್ಟೇಜು ದಾರಿಯಲ್ಲಿ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ ಎಂದೆ.

“ಅಂದ್ರೆ, ಕೊಡುವವರ ಹತ್ರ ಇರೋದಕ್ಕಿಂತ ತಗೊಳ್ಳುವವರ ಹತ್ರ ಜಾಸ್ತಿ ಇರ್ತದಾ?”

“ತಗೊಳ್ಳದೆ ಇದ್ರೆ ಮಾತ್ರ, ಅಪ್ಪ.”

ಅವರು ಟಿಕೆಟ್ಟನ್ನು ಮಡಚಿ ಜೇಬಿಗೆ ಹಾಕಿದರು. “ನಿಮ್ಮ ಸಂಸ್ಥೆಯಲ್ಲಿ ಇದಕ್ಕೆ ಸಂಬಳ ಕೊಡ್ತಾರೆ” ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

ಸಂಬಳವಲ್ಲ, ಒಂದು ವರ್ಷದ ಫೆಲೋಷಿಪ್ಪು. ಡಾಕ್ಟರೇಟ್ ಮುಗಿದ ಮೇಲೆ, ಅದರದೇ ಮುಂದುವರಿಕೆಯಾಗಿ, ಬೆಂಗಳೂರಿನ ನಮ್ಮ ಪ್ರಯೋಗಾಲಯದಲ್ಲಿ ನನಗೆ ಕೊಟ್ಟ ಕೆಲಸ ಇದು: ಬೆಂಗಳೂರಿನಿಂದ ಮೈಸೂರು ದಾಟಿ ಕೊಡಗಿನವರೆಗೆ ಬರುವ ಲೈನಿನ ಮಾದರಿಯನ್ನು ತಯಾರಿಸುವುದು, ಕೊನೆಯಲ್ಲಿ ಏರುವ ವೋಲ್ಟೇಜನ್ನು ಹಿಡಿದಿಡುವ ದೊಡ್ಡ ತಾಮ್ರದ ಸುರುಳಿಯನ್ನು ಯಾವಾಗ ಲೈನಿಗೆ ಸೇರಿಸಬೇಕು, ಯಾವಾಗ ಬಿಡಿಸಬೇಕು ಎಂಬ ನಿಯಮವನ್ನು ಕಂಡುಹಿಡಿಯುವುದು. ಮಾದರಿ ಎಂದರೆ ಗೊಂಬೆಯಂಥದ್ದಲ್ಲ. ಗೋಡೆಯುದ್ದಕ್ಕೆ ಮರದ ಹಲಗೆಗಳ ಮೇಲೆ ಸಾಲಾಗಿ ಜೋಡಿಸಿದ ಚಿಕ್ಕ ಸುರುಳಿಗಳು, ಕಂಡೆನ್ಸರುಗಳು. ಹತ್ತು ಮೈಲಿ ಲೈನಿಗೆ ಒಂದು ಸುರುಳಿ. ಬಾಗಿಲ ಹತ್ತಿರ ಬೆಂಗಳೂರು, ನಡುವೆ ಬೀರುವಿನ ಪಕ್ಕ ಮೈಸೂರು, ಆ ಕೊನೆಯಲ್ಲಿ ಕಿಟಕಿಯ ಬಳಿ ಕೊಡಗು. ಸುರುಳಿಗಳನ್ನೆಲ್ಲ ಸುತ್ತಿದವಳು ನಾನು. ಅಳೆದು ತಾಳೆ ನೋಡಿದವರು ನನ್ನ ಜೊತೆಗೇ ಡಾಕ್ಟರೇಟ್ ಮುಗಿಸಿದ್ದ ಧಾರವಾಡದ ಕಡೆಯವರೊಬ್ಬರು.

ಅವರ ಬಗ್ಗೆ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ರಾಜ್ಯ ಒಂದಾಗದಿದ್ದರೆ ಅವರು ಬಹುಶಃ ಮುಂಬೈ ಕಡೆ ಹೋಗುತ್ತಿದ್ದರು, ನಾನು ಮದರಾಸಿಗೆ. ಎರಡೂವರೆ ವರ್ಷ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಕೆಲಸ ಮಾಡಿದೆವು. ಅವರು ಎಲ್ಲರಿಗೂ ‘ರೀ’ ಹಚ್ಚಿ ಮಾತಾಡುತ್ತಿದ್ದರು, ಬೆಸುಗೆ ಸರಿಯಾಗಿ ಹಿಡಿಯದಿದ್ದರೆ ತಂತಿಗೂ. ಸಂಜೆ ಪ್ರಯೋಗಾಲಯದ ಬೀಗ ಹಾಕಿ ಗೇಟಿನವರೆಗೆ ಜೊತೆಗೆ ನಡೆಯುತ್ತಿದ್ದೆವು. ಗೇಟಿನ ಆಚೆ ಅವರ ಹಾಸ್ಟೆಲು ಎಡಕ್ಕೆ, ನನ್ನದು ಬಲಕ್ಕೆ. ಅಲ್ಲಿ ನಿಂತು ಆಡಿದ ಮಾತೆಲ್ಲ ಮರುದಿನದ ಕೆಲಸದ್ದೇ. ಇವರ ಜೊತೆಗೇ ಇರಬೇಕು ಎಂದು ನನಗೆ ಗೊತ್ತಾಗಿದ್ದು ಡಿಸೆಂಬರಿನಲ್ಲಿ, ಅವರಿಗೆ ಉತ್ತರದ ಒಂದು ಅಣೆಕಟ್ಟಿನ ಯೋಜನೆಯಿಂದ ನೇಮಕದ ಕಾಗದ ಬಂದಾಗ. ಏಪ್ರಿಲ್ ಮೊದಲ ವಾರ ಅಲ್ಲಿ ಹಾಜರಾಗಬೇಕಿತ್ತು. ಆ ಕಾಗದ ಬಂದು ಎಂಟು ದಿನಕ್ಕೆ ನಾನು ಕೊಡಗಿಗೆ ಹೊರಟೆ. ಸ್ಟೇಷನ್ನಿನಲ್ಲಿ ಅಳತೆ ಮಾಡಲು ಕೊಡಗಿನವಳೇ ಹೋಗಲಿ ಎಂದು ಮೊದಲೇ ತೀರ್ಮಾನವಾಗಿತ್ತು. ಅವರು ಹೊರಡುವ ಮೊದಲು ಆ ಮಾತನ್ನು ಹೇಳಿಬಿಡಬೇಕು ಎಂದುಕೊಂಡೆ. ಮೂರು ತಿಂಗಳು ಇದೆಯಲ್ಲ ಎಂದೂ ಅಂದುಕೊಂಡೆ.

ಕಾಗದದಲ್ಲಿ ಬರೆಯಬಹುದಿತ್ತು. ಬರೆಯಲು ಕೂತರೆ ನಾಲ್ಕನೇ ಸಾಲಿಗೆ ರೀಡಿಂಗಿನ ಸಂಗತಿ ಬಂದುಬಿಡುತ್ತಿತ್ತು, ಆಮೇಲೆ ಅದೇ ಮುಂದುವರಿಯುತ್ತಿತ್ತು. ಅವರಿಂದ ಬಂದ ಕಾಗದಗಳೂ ಹಾಗೇ ಇದ್ದವು. ಒಂದರ ಕೊನೆಯಲ್ಲಿ ಮಾತ್ರ, “ಇಲ್ಲಿ ಸಂಜೆ ಬೀಗ ಹಾಕುವವ ನಾನೊಬ್ಬನೇ” ಎಂದಿತ್ತು. ಆ ಸಾಲನ್ನು ನಾನು ಬಹಳ ಸಲ ಓದಿದ್ದೇನೆ.

ಉಳಿದದ್ದು ಫೋನು. ಅದು ಅಂಚೆ ಕಚೇರಿಯ ಫೋನಲ್ಲ, ಕ್ಯಾರಿಯರ್ ಫೋನು. ಬೇರೆ ತಂತಿ ಇಲ್ಲ. ಹೈಟೆನ್ಷನ್ ಲೈನಿನ ಮೇಲೆಯೇ ಮಾತು ಹೋಗುತ್ತದೆ. ಒಂದು ಸ್ಟೇಷನ್ನಿನವರು ಇನ್ನೊಂದು ಸ್ಟೇಷನ್ನಿಗೆ ಸ್ವಿಚ್ಚಿನ ಆರ್ಡರು ಕೊಡಲಿಕ್ಕೆ ಇರುವಂಥದ್ದು. ನಮ್ಮ ಕೆಲಸಕ್ಕಾಗಿ ಬೆಂಗಳೂರಿನ ಕಂಟ್ರೋಲ್ ಕೋಣೆಯಿಂದ ಪ್ರಯೋಗಾಲಯಕ್ಕೆ ತಂತಿ ಎಳೆದು ಒಂದು ರಿಸೀವರು ಕೊಟ್ಟಿದ್ದರು. ಗುಂಡಿ ಒತ್ತಿ ಹಿಡಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ದಾರಿಯಲ್ಲಿರುವ ಪ್ರತಿ ಸ್ಟೇಷನ್ನಿನವರಿಗೂ ಎಲ್ಲವೂ ಕೇಳುತ್ತದೆ. ಅದರಲ್ಲಿ ಹೆಸರು ಕರೆಯುವ ರೂಢಿ ಇಲ್ಲ. ಊರಿನ ಹೆಸರೇ ಆಳಿನ ಹೆಸರು. ನಾನು ಕೊಡಗು. ಅವರು ಬೆಂಗಳೂರು.

ಇನ್ನೊಂದು ರೂಢಿ ಇತ್ತು. ಆ ತುದಿಯವರು ಏನು ಹೇಳಿದರೂ ಈ ತುದಿಯವರು ಅದನ್ನು ತಿರುಗಿ ಹೇಳಬೇಕು. ತಿರುಗಿ ಹೇಳಿದ್ದು ಸರಿಯಿದ್ದರೆ ‘ಸರಿ’ ಎನ್ನುತ್ತಾರೆ, ಆಮೇಲೆಯೇ ಮುಂದಿನ ಮಾತು. ತಿರುಗಿ ಹೇಳದ ಮಾತು ತಲುಪಿಲ್ಲವೆಂದೇ ಲೆಕ್ಕ. ಲೈನಿನಲ್ಲಿ ಯಾರೋ ಕಂಬ ಹತ್ತಿರುವಾಗ ಕೇಳಿಸಿಕೊಂಡದ್ದು ತಪ್ಪಾದರೆ ಒಂದು ಜೀವ ಹೋಗುತ್ತದೆ; ಅದಕ್ಕಾಗಿ ಬಂದ ರೂಢಿ. ಒಂದು ತುದಿಯವರ ಮಾತು ಇನ್ನೊಂದು ತುದಿಗೆ ಕೇಳದಿದ್ದರೆ ನಡುವಿನ ಸ್ಟೇಷನ್ನಿನವರು ಇವರ ಮಾತನ್ನು ಅವರಿಗೆ, ಅವರದ್ದನ್ನು ಇವರಿಗೆ ಇದ್ದದ್ದು ಇದ್ದ ಹಾಗೆ ದಾಟಿಸಬೇಕು.

“ಕೊಡಗು, ಕೇಳಸ್ತದೇನ್ರಿ?”

“ಕೇಳ್ತಿದೆ. ನೂರಾ ಹದಿನಾಲ್ಕು ಪಾಯಿಂಟ್ ಆರು.”

“ನೂರಾ ಹದಿನಾಲ್ಕು ಪಾಯಿಂಟ್ ಆರು. ನನ್ನ ಮಾದರಿಯಾಗ ನೂರಾ ಹದಿನಾಲ್ಕು ಪಾಯಿಂಟ್ ಎರಡು. ನಾನೀಗ ನಿಮ್ಮೂರಾಗ ಕುಂತೀನ್ರಿ, ಕಿಟಕಿ ಬಾಜೂಕ. ನಿಮ್ಮೂರಾಗ ಬಿಸಿಲು ಭಾಳ.”

ಅದನ್ನೂ ತಿರುಗಿ ಹೇಳಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಮೈಸೂರಿನ ಸ್ಟೇಷನ್ನಿನವರ ದಪ್ಪ ಧ್ವನಿ ನಡುವೆ ಬಂತು. “ಬಿಸಿಲಿಗೆ ರಿಪೀಟ್ ಬೇಡ ಸ್ವಾಮಿ. ಮುಂದಕ್ಕೆ ಹೋಗಿ.”

ನಮ್ಮ ಸ್ಟೇಷನ್ನಿನ ಆಪರೇಟರು ಸಂಪಾಜೆ ಕಡೆಯವರು. ಅರೆಭಾಷೆಯ ಮನೆಯವರು, ನಲವತ್ತು ದಾಟಿದವರು. ನನ್ನನ್ನು ಡಾಕ್ಟ್ರಮ್ಮ ಎನ್ನುತ್ತಿದ್ದರು.

“ಡಾಕ್ಟ್ರಮ್ಮ, ಮೂರು ದಿನದಿಂದ ಕೆಮ್ಮು. ಎಂತಾದ್ರೂ ಬರ್ದು ಕೊಡಿ.”

“ನಾನು ಆ ಡಾಕ್ಟರಲ್ಲ.”

“ಗೊತ್ತುಂಟು. ಕರೆಂಟಿಗೆ ಮದ್ದು ಕೊಡುವವ್ರು ಕೆಮ್ಮಿಗೆ ಕೊಡ್ಲಿಕ್ಕಿಲ್ವಾ ಅಂತ ಕೇಳ್ದೆ.”

ಫೆಬ್ರವರಿ ಕಳೆಯುವ ಹೊತ್ತಿಗೆ ನಾನು ಬೆಂಗಳೂರಿಗೆ ‘ಇನ್ನೊಮ್ಮೆ ಹೇಳಿ’ ಎನ್ನುವುದು ಹೆಚ್ಚಾಯಿತು. ಮೊದಲ ಭಾನುವಾರ ಒಂದು ಸಲ. ಎಂಟನೇ ಭಾನುವಾರ ಹನ್ನೊಂದು ಸಲ. ರೀಡಿಂಗಿನ ಹಾಳೆಯಲ್ಲಿ ಅದಕ್ಕೂ ಒಂದು ಅಂಕಣವಿತ್ತು, ಲೈನಿನ ಗದ್ದಲವನ್ನು ಅಳೆಯಲಿಕ್ಕೆ. ಒಣ ಹವೆಯಲ್ಲಿ ಗದ್ದಲ ಇರುವುದೇ ಇಲ್ಲ. ಆಪರೇಟರು ಇದನ್ನು ಗಮನಿಸಿದರು. ನಾನು ಹಾಳೆ ಮಡಚುತ್ತಿದ್ದಾಗ ಅಪ್ಪನಿಗೆ ಕೇಳುವ ಹಾಗೆ ಹೇಳಿದರು:

“ಮೇಷ್ಟ್ರೇ, ಡಾಕ್ಟ್ರಮ್ಮನ ಕಿವಿಗೆ ಭಾನುವಾರ ಮಾತ್ರ ಎಂತದೋ ಆಗ್ತದೆ.”

ಅಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ. “ಚಿಕ್ಕಂದಿನಲ್ಲೂ ಹಾಗೇ. ಬೇಕಾದ್ದನ್ನ ಎರಡು ಸಲ ಕೇಳ್ತಿದ್ಲು.”

ವಾಪಸು ಬಂದು ಬಸ್ಸಿನಿಂದ ಇಳಿಯುವಾಗ ಅವರು, “ಆ ಹುಡುಗನ ಅಪ್ಪ ಏನು ಮಾಡ್ತಾರೆ?” ಎಂದರು. “ಗೊತ್ತಿಲ್ಲ” ಎಂದೆ. ನಿಜವಾಗಿ ಗೊತ್ತಿರಲಿಲ್ಲ. ಎರಡೂವರೆ ವರ್ಷದಲ್ಲಿ ಕೇಳಿರಲಿಲ್ಲ ಎಂದು ಆಗಲೇ ಹೊಳೆದದ್ದು.

ಮಾರ್ಚಿನಲ್ಲಿ ಕೊಡಗಿನಲ್ಲಿ ಎಲ್ಲರೂ ಆಕಾಶ ನೋಡುತ್ತಾರೆ. ಕಾಫಿ ಗಿಡದಲ್ಲಿ ಮೊಗ್ಗು ಕಟ್ಟಿ ನಿಂತಿರುತ್ತದೆ, ಒಂದು ಒಳ್ಳೆಯ ಮಳೆ ಬಿದ್ದರೆ ವಾರದೊಳಗೆ ಹೂವಾಗುತ್ತದೆ, ಬೀಳದಿದ್ದರೆ ಮೊಗ್ಗು ಒಣಗುತ್ತದೆ. ಹೂಮಳೆ ಎನ್ನುತ್ತಾರೆ ಅದನ್ನು. ಬಸ್ಸಿನಲ್ಲಿ ಬೇರೆ ಮಾತೇ ಇರಲಿಲ್ಲ. ನಮ್ಮ ಆಪರೇಟರಿಗೂ ಊರಿನಲ್ಲಿ ಸ್ವಲ್ಪ ಕಾಫಿ ಇತ್ತು. ಗಂಟೆಗೊಮ್ಮೆ ಹೊರಗೆ ಹೋಗಿ ಪಶ್ಚಿಮದ ಕಡೆ ನೋಡಿ ಬರುತ್ತಿದ್ದರು.

ನನಗೂ ಆ ಮಳೆ ಬೇಕಿತ್ತು. ನಾನು ಇಷ್ಟು ದಿನ ಅಳೆದದ್ದು ಒಣ ಲೈನು. ಡಿಸೆಂಬರಿನಿಂದ ಕಂಬಗಳಲ್ಲಿ ತಂತಿಯನ್ನು ಹಿಡಿದಿರುವ ಪಿಂಗಾಣಿಯ ಮೇಲೆ ಧೂಳು ಕೂತಿರುತ್ತದೆ. ಮೊದಲ ಮಳೆ ಆ ಧೂಳನ್ನು ನೆನೆಸಿದಾಗ ಅದರ ಮೇಲಿಂದ ಕರೆಂಟು ಸೋರುತ್ತದೆ, ಲೈನಿನ ಸ್ವಭಾವವೇ ಬದಲಾಗುತ್ತದೆ. ಒಂದು ಗಂಟೆಯೊಳಗೆ ಮಳೆಯೇ ಧೂಳನ್ನು ತೊಳೆದುಬಿಡುತ್ತದೆ. ಆ ಒಂದು ಗಂಟೆಯ ಅಳತೆ ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಮಳೆ ಯಾವ ವಾರ ಬಂದರೂ ಓಡಿಬರಲು ಸಿದ್ಧಳಾಗಿದ್ದೆ. ಬರುವುದಾದರೆ ಬೆಂಗಳೂರಿನಿಂದ ಅವರು ಹೊರಟ ಮೇಲೆ ಬರಲಿ ಎಂದೂ ಆಸೆ ಇತ್ತು. ನೀರು ಬಿದ್ದರೆ ಲೈನು ಚರಚರ ಅನ್ನುತ್ತದೆ, ಕ್ಯಾರಿಯರ್ ಫೋನಿನಲ್ಲಿ ಮಾತು ಮುಳುಗಿಹೋಗುತ್ತದೆ. ಊರೆಲ್ಲ ಬೇಡುತ್ತಿದ್ದ ಮಳೆಯನ್ನು ಕೆಲವು ದಿನ ತಡವಾಗಲಿ ಎಂದುಕೊಂಡವಳು ನಾನೊಬ್ಬಳೇ ಇರಬೇಕು.

ಮಾರ್ಚಿನ ಕೊನೆಯ ಭಾನುವಾರ ನಾನು ಹೇಳಬೇಕಾದ ಮಾತನ್ನು ಮನೆಯಲ್ಲೇ ಸಿದ್ಧಮಾಡಿಕೊಂಡು ಹೋಗಿದ್ದೆ. ಚಿಕ್ಕ ಮಾತು. ಎಲ್ಲ ಸ್ಟೇಷನ್ನಿನವರೂ ಕೇಳಿಸಿಕೊಂಡರೂ ಕೇಳಲಿ ಎಂದು ನಿರ್ಧರಿಸಿದ್ದೆ. ಬಸ್ಸಿನಿಂದ ಇಳಿದಾಗ ಗಾಳಿ ನಿಂತಿತ್ತು. ಪಶ್ಚಿಮದಲ್ಲಿ ಮೋಡ ಕಪ್ಪಾಗಿತ್ತು. ಆಪರೇಟರು ಅಂಗಳದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು.

“ಇವತ್ತು ಬಂದೇ ಬರ್ತದೆ ಡಾಕ್ಟ್ರಮ್ಮ. ಬಾರದಿದ್ರೆ ನನ್ನ ಕಿವಿ ಕತ್ರಿಸಿ. ನಿಮ್ದು ಹೇಗೂ ಸರಿ ಇಲ್ಲೆ.”

ಮೂರು ಗಂಟೆಗೆ ಬೆಂಗಳೂರು ಬಂತು. ರೀಡಿಂಗುಗಳು ನಡೆದವು. ಸುರುಳಿ ಸೇರಿಸಿ ಒಂದು, ಬಿಡಿಸಿ ಒಂದು. ಅವರು ಎಂದಿಗಿಂತ ನಿಧಾನವಾಗಿ ಓದುತ್ತಿದ್ದರು. ಕೊನೆಯ ಅಂಕಿಯನ್ನು ನಾನು ತಿರುಗಿ ಹೇಳಿ, ಅವರು ‘ಸರಿ’ ಅಂದು, ಗುಂಡಿ ಒತ್ತಿ ನನ್ನ ಮಾತು ಶುರುಮಾಡಬೇಕು ಎನ್ನುವಾಗ ಅವರೇ ಮೊದಲು ಮಾತಾಡಿದರು. ಅಂಕಿ ಓದುವ ಅದೇ ಧ್ವನಿ.

“ಕೊಡಗು, ಇನ್ನೊಂದು ಮಾತು. ನಾಳೆ ಸಂಜೀ ಗಾಡಿಗೆ ನಾನು ಹೊಂಟೀನಿ. ಮುಂದಿನ ವಾರದಿಂದ ನಾನು ಇರೂದಿಲ್ಲ. ರಿಪೀಟ್ ಮಾಡ್ರಿ.”

ನಾನು ಗುಂಡಿ ಒತ್ತಲಿಲ್ಲ. ನೀವು ಇರುವುದಿಲ್ಲ ಎಂದು ನನ್ನ ಬಾಯಿಂದ ಹೇಳಬೇಕಿತ್ತು. ಹೇಳಿದರೆ ಅದು ತಲುಪಿದಂತೆ. ಅಪ್ಪ ಜಗಲಿಯಲ್ಲಿ ಪತ್ರಿಕೆ ಮಡಚುವ ಸದ್ದು ಕೇಳಿಸಿತು.

“ಕೊಡಗು, ರಿಪೀಟ್ ಕೊಡಿ” ಎಂದಿತು ಮೈಸೂರು. ಸ್ವಲ್ಪ ಹೊತ್ತಾದ ಮೇಲೆ, “ಕೊಡಗು, ಲೈನು ಹಿಡ್ಕೊಂಡಿದ್ದೀರಿ ತಾಯಿ. ಕೇಳಿಸದಿದ್ರೆ ಕೇಳಿಸಲಿಲ್ಲ ಅನ್ನಿ.”

ಗುಂಡಿ ಒತ್ತಿದೆ. ಮನೆಯಲ್ಲಿ ಸಿದ್ಧಮಾಡಿದ್ದ ಮಾತು ಬರಲಿಲ್ಲ. ಬಂದದ್ದು ಇದು: “ಬೆಂಗಳೂರು, ನಾನು ಬೆಳಗಿನ ಬಸ್ಸಿಗೆ ಹೊರಟು ಬರ್ತೀನಿ. ನೀವು ಹೋಗೋದಕ್ಕೆ ಮುಂಚೆ ನಿಮ್ಮನ್ನ ನೋಡಬೇಕು. ನಿಮ್ಮ ಜೊತೆಗೆ ಇರಬೇಕು ಅಂತ ಇದೆ ನನಗೆ. ರಿಪೀಟ್ ಮಾಡಿ.”

ಗುಂಡಿ ಬಿಟ್ಟೆ. ಆಗಲೇ ತಗಡಿನ ಮೇಲೆ ಮೊದಲ ಹನಿಗಳು ಬಿದ್ದವು. ಹತ್ತು ಎಣಿಸುವುದರೊಳಗೆ ಮಳೆ ಒಂದೇ ಸಮನೆ ಸುರಿಯಿತು. ಹೊರಗೆ ಲೈನು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಸಿಡಿಯತೊಡಗಿತು. ರಿಸೀವರಿನಲ್ಲಿ ಆ ಸದ್ದಲ್ಲದೆ ಬೇರೇನೂ ಇರಲಿಲ್ಲ. ‘ಬೆಂಗಳೂರು’ ಎಂದು ಮೂರು ಸಲ ಕರೆದೆ. ಒಂದು ಸಲ ಅವರ ಧ್ವನಿಯ ಏರಿಳಿತ ಮಾತ್ರ ಕೇಳಿಸಿತು, ಮಾತು ಕೇಳಿಸಲಿಲ್ಲ.

ಅಪ್ಪ ಬಾಗಿಲಿಗೆ ಬಂದಿದ್ದರು. ನಾನು ಹೇಳಿದ್ದಷ್ಟೂ ಅವರಿಗೆ ಕೇಳಿತ್ತು.

“ರಿಪೀಟ್ ಬಂತಾ?” ಎಂದರು.

“ಇಲ್ಲ.”

“ಹಾಗಾದ್ರೆ ತಲುಪಿಲ್ಲ ಅಂತ ಲೆಕ್ಕ, ಅಲ್ವಾ? ಇಟ್ಟುಬಿಡಬೇಡ.”

ಇಡಲಿಲ್ಲ. ಎಷ್ಟು ಹೊತ್ತೋ ಆದ ಮೇಲೆ ಆ ಸದ್ದಿನ ನಡುವಿನಿಂದ, ಹತ್ತಿರವಾದ್ದರಿಂದ ಸ್ವಲ್ಪ ಗಟ್ಟಿಯಾಗಿ, ಮೈಸೂರು ಕೇಳಿಸಿತು.

“ಕೊಡಗು, ಬೆಂಗಳೂರಿಗೆ ನಿಮ್ಮದು ಕೇಳಿಸ್ತಿಲ್ಲ. ನಿಮ್ಮ ಮೆಸೇಜು ನಾನು ದಾಟಿಸಿದ್ದೀನಿ. ಪೂರ್ತಿ ದಾಟಿಸಿದ್ದೀನಿ. ಅವರು ರಿಪೀಟ್ ಕೊಟ್ಟಿದ್ದಾರೆ, ಸರಿಯಾಗಿದೆ. ಈಗ ಅವರದ್ದು. ಬರ್ಕೊಳ್ತೀರಾ?”

“ಹೇಳಿ.”

“ಬರಬೇಡಿ. ನಿಮ್ಮಲ್ಲಿ ಮಳೆ ಶುರುವಾಗಿದೆ ಅಂತ ಲೈನಿನ ಸದ್ದಿನಲ್ಲೇ ಗೊತ್ತಾಗ್ತಿದೆ. ಒದ್ದೆ ಲೈನಿನ ರೀಡಿಂಗ್ ಬಿಡಬೇಡಿ. ನನಗೂ ಹಾಗೇ ಇದೆ, ಬಹಳ ದಿನದಿಂದ. ನಾನೇ ಬರ್ತೀನಿ. ಯಾವಾಗ ಅಂತ ಗೊತ್ತಿಲ್ಲ. ಮುಗೀತು. ರಿಪೀಟ್ ಕೊಡಿ.”

ಆ ದಪ್ಪ ಧ್ವನಿ ಇದನ್ನು ಟ್ರಾನ್ಸ್‌ಫಾರ್ಮರಿನ ಎಣ್ಣೆಯ ಮಟ್ಟ ಓದುವ ಹಾಗೆ ಓದಿತು. ನಾನು ಮುಖವನ್ನೇ ನೋಡದ ಒಬ್ಬ ಹಿರಿಯರಿಗೆ ಅದನ್ನೆಲ್ಲ ತಿರುಗಿ ಹೇಳಬೇಕಾಯಿತು: ಬರಬೇಡಿ, ಬಿಡಬೇಡಿ, ನನಗೂ ಹಾಗೇ ಇದೆ, ಬಹಳ ದಿನದಿಂದ, ನಾನೇ ಬರ್ತೀನಿ, ಯಾವಾಗ ಅಂತ ಗೊತ್ತಿಲ್ಲ. ಹೇಳುವಾಗ ಅವರ ಮಾತಿಗೆ ಮನಸ್ಸಿನಲ್ಲಿ ‘ರೀ’ ಹಚ್ಚಿಕೊಳ್ಳುತ್ತಿದ್ದೆ. ಅವರು ‘ನಾನ ಬರ್ತೀನ್ರಿ’ ಅಂದಿರಬೇಕು. ಮೈಸೂರಿನವರು ಅದನ್ನು ತಮ್ಮ ಕನ್ನಡಕ್ಕೆ ತಿದ್ದಿಕೊಂಡಿದ್ದರು.

“ಸರಿ” ಎಂದರು ಅವರು. ಆಮೇಲೆ, ರೂಢಿಗೆ ಹೊರತಾಗಿ, “ಮಳೆ ಚೆನ್ನಾಗಿ ಬರ್ತಿದೆಯಾ ಅಲ್ಲಿ?”

“ಬರ್ತಿದೆ.”

“ಇಲ್ಲಿ ಇನ್ನೂ ಇಲ್ಲ” ಎಂದು ಲೈನು ಬಿಟ್ಟರು.

ಬೆಳಗಿನ ಬಸ್ಸು ಇನ್ನೂ ಇತ್ತು. ಯಾರು ಏನೇ ಹೇಳಲಿ, ಹೋಗಬಹುದಿತ್ತು. ಸಂಜೆ ಗಾಡಿಯ ಹೊತ್ತಿಗೆ ಬೆಂಗಳೂರು ತಲುಪಬಹುದಿತ್ತು. ಆದರೆ ಮೀಟರಿನ ಮುಳ್ಳು ಆಗಲೇ ಕೆಳಗೆ ಬರತೊಡಗಿತ್ತು. ಈ ಗಂಟೆ ಕಳೆದ ಮೇಲೆ ವಾರವಿಡೀ ಪ್ರತಿದಿನ ಅಳೆದು, ತೊಳೆದ ಪಿಂಗಾಣಿಯ ಜೊತೆ ತಾಳೆ ನೋಡಬೇಕು. ಆಗಲೇ ಈ ಗಂಟೆಗೆ ಬೆಲೆ. ಬೆಳಿಗ್ಗೆ ಹೊರಟರೆ ಎರಡೂವರೆ ವರ್ಷ ನಾವಿಬ್ಬರೂ ಕೂತು ಮಾಡಿದ್ದು ಅರ್ಧಕ್ಕೆ ನಿಲ್ಲುತ್ತದೆ. ಅವರಿಗೂ ಅದು ಗೊತ್ತಿತ್ತು. ಅದಕ್ಕೇ ಬೇಡ ಅಂದರು. ನಾನಾಗಿದ್ದರೂ ಬೇಡ ಅನ್ನುತ್ತಿದ್ದೆ. ಹಾಗೆಂದು ಆ ಮಾತು ಹಗುರಾಗಲಿಲ್ಲ.

“ಅಪ್ಪ, ಗಡಿಯಾರ ನೋಡಿ ಎರಡೆರಡು ನಿಮಿಷಕ್ಕೆ ಹೇಳ್ತೀರಾ?”

ಅಪ್ಪ ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು, ತರಗತಿಯಲ್ಲಿ ಉಕ್ತಲೇಖನ ಹೇಳುವ ಧ್ವನಿಯಲ್ಲಿ ಹೊತ್ತು ಹೇಳುತ್ತಾ ಹೋದರು. ನಾನು ಓದಿ ಬರೆದೆ. ಆಪರೇಟರು ಬಾಗಿಲಲ್ಲಿ ನಿಂತು ಹೊರಗೆ ಕೈ ಚಾಚಿ ಅಂಗೈಯಲ್ಲಿ ನೀರು ಹಿಡಿಯುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದೇ ಅಲ್ಲಿ ನಿಂತಿದ್ದರೆಂದು ಈಗ ಅನಿಸುತ್ತದೆ. ಒಂದು ಸಲ ಒಳಗೆ ಬಂದು ಎರಡು ಲೋಟ ಕರಿ ಕಾಫಿ ಇಟ್ಟುಹೋದರು. ಬೆಲ್ಲ ಹೆಚ್ಚಾಗಿತ್ತು.

ಮಳೆ ನಿಂತಾಗ ಬಸ್ಸು ಹೋಗಿಯಾಗಿತ್ತು. ಮಡಿಕೇರಿಗೆ ಹೊರಟಿದ್ದ ಎಸ್ಟೇಟಿನ ಲಾರಿಯೊಂದರ ಮುಂದಿನ ಸೀಟಿನಲ್ಲಿ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ನೆಂದ ಮಣ್ಣಿನ ವಾಸನೆ. ಡ್ರೈವರು ಮಲಯಾಳದಲ್ಲಿ ಏನೋ ಗುನುಗುತ್ತಿದ್ದ. ಊರು ಹತ್ತಿರವಾದಾಗ ಅಪ್ಪ ಹೇಳಿದರು:

“ಆ ಹುಡುಗ ಹೇಳಿದ್ದು ಸರಿ. ಆದ್ರೆ ಸುಮಾರಾಗಿ ಯಾವಾಗ ಅಂತಾದ್ರೂ ನೀನು ಕೇಳ್ಬೇಕಿತ್ತು.”

“ಅವರಿಗೇ ಗೊತ್ತಿಲ್ವಂತೆ, ಅಪ್ಪ.”

“ಅದು ಮೈಸೂರಿನವರು ಹೇಳಿದ್ದು” ಎಂದರು ಅಪ್ಪ.

ಇದಾಗಿ ಒಂದು ವರ್ಷಕ್ಕೆ ಹತ್ತಿರವಾಯಿತು. ಆ ಗಂಟೆಯ ಅಳತೆ ಮಾದರಿಗೆ ಸರಿಯಾಗಿ ಕೂತಿತು. ಸುರುಳಿಯನ್ನು ಯಾವಾಗ ಸೇರಿಸಬೇಕೆಂಬ ನಿಯಮವನ್ನು ಈಗ ಈ ಸ್ಟೇಷನ್ನಿನಲ್ಲಿ ಪ್ರಯೋಗಕ್ಕೆ ಇಟ್ಟಿದ್ದಾರೆ. ಫೆಲೋಷಿಪ್ಪು ಇನ್ನೊಂದು ವರ್ಷ ಮುಂದುವರಿದು, ನಾನು ಇಲ್ಲೇ ಇದ್ದೇನೆ. ಭಾನುವಾರ ಬೆಂಗಳೂರಿನಿಂದ ಬೇರೆಯವರು ಅಂಕಿ ಓದುತ್ತಾರೆ; ಚುರುಕಾದವರು, ಬೇಗ ಮುಗಿಯುತ್ತದೆ. ಉತ್ತರದಿಂದ ತಿಂಗಳಿಗೆ ಎರಡು ಕಾಗದ ಬರುತ್ತವೆ. ಅವುಗಳಲ್ಲಿ ಈಗ ರೀಡಿಂಗು ಕಡಿಮೆ. ಅಣೆಕಟ್ಟಿನ ಕೆಲಸ ಮುಗಿಯದೆ ರಜೆ ಇಲ್ಲವಂತೆ. ಅವರ ತಂದೆ ಹುಬ್ಬಳ್ಳಿಯಲ್ಲಿ ಹತ್ತಿಯ ದಲಾಲಿಯಂತೆ, ಅದನ್ನು ಅಪ್ಪನಿಗೆ ಓದಿ ಹೇಳಿದ್ದೇನೆ. ಎಲ್ಲರೂ ಪರಿಚಯವಾದ್ದರಿಂದ ಅಪ್ಪ ಈಗ ಸ್ಟೇಷನ್ನಿಗೆ ಬರಬೇಕಾದ ಅಗತ್ಯವಿಲ್ಲ, ಆದರೂ ಬರುತ್ತಾರೆ. ಮೋಡ ನೋಡಲಿಕ್ಕೆ ಎನ್ನುತ್ತಾರೆ.

ಜಗಲಿಯಿಂದ ರಸ್ತೆ ಕಾಣುತ್ತದೆ. ಮೈಸೂರು ಕಡೆಯಿಂದ ಬರುವವರು ಸಿದ್ದಾಪುರದಲ್ಲಿ ಬಸ್ಸು ಬದಲಿಸಿ ಬರಬೇಕು. ಆ ಬಸ್ಸು ನಮ್ಮ ರೀಡಿಂಗು ಮುಗಿಯುವ ಹೊತ್ತಿಗೆ ಬರುತ್ತದೆ. ಇವತ್ತು ಇಳಿದವರು ಏಳು ಜನ. ಐವರು ಕೊಡ, ಗಂಟು ಎತ್ತಿಕೊಂಡು ತೋಟದ ಕಡೆ ಹೋದರು. ಒಬ್ಬರು ಅಂಚೆಯವರು. ಇನ್ನೊಬ್ಬರು ಟ್ರಂಕು ಕೆಳಗಿಟ್ಟು, ಯಾವ ದಾರಿ ಎಂದು ತಿಳಿಯದೆ ಎರಡೂ ಕಡೆ ನೋಡಿದರು. ನಾನು ಎದ್ದು ನಿಂತೆ. ಅವರು ಎಡಕ್ಕೆ ತಿರುಗಿ, ನಡುಹರೆಯದ ಬೇರೆ ಯಾರೋ ಆಗಿ, ಎಸ್ಟೇಟಿನ ಗೇಟಿನ ಕಡೆ ನಡೆದರು.